ಮಾದರಿ ಕೋಣೆಯಲ್ಲಿ ಒಂದು ರಾತ್ರಿ

ಬೆಂಗಳೂರಿನ ಗಾಂಧಿನಗರದ ಹಳೆಯ ಹೋಟೆಲೊಂದರ 42 ಕೋಣೆಗಳಿಗೆ ಆಟೊಮೇಷನ್, ಅಂದರೆ ದೀಪ, ಎ.ಸಿ.ಗಳು ತಾವಾಗಿಯೇ ಹೊತ್ತಿ ಆರುವ ವ್ಯವಸ್ಥೆ, ಅಳವಡಿಸುವ ಯೋಜನೆ ಒಪ್ಪಿಕೊಂಡಾಗ ನಾನು ಮಾಲೀಕರಿಗೆ ಹಾಕಿದ ಷರತ್ತು ಒಂದೇ. ಮೊದಲು ಒಂದು ಕೋಣೆಯನ್ನು ಪೂರ್ತಿ ಸಿದ್ಧಪಡಿಸಬೇಕು, ಅದರಲ್ಲಿ ನಾನು ಅತಿಥಿಯಂತೆ ಒಂದು ರಾತ್ರಿ ತಂಗಬೇಕು, ಆಮೇಲಷ್ಟೇ ಉಳಿದ ಕೋಣೆಗಳ ಗೋಡೆಗೆ ಉಳಿ ತಾಗಬೇಕು. ನವೆಂಬರ್ ತಿಂಗಳ ಒಂದು ಗುರುವಾರ ಸಂಜೆ ಹಾಗೆ ಮಲಗಲು ಹೋದೆ.

ಹತ್ತೂವರೆಯ ಹೊತ್ತಿಗೆ ದಿಂಬಿಗೊರಗಿ ಓದುತ್ತಿದ್ದಾಗ ದೀಪವೂ ಎ.ಸಿ.ಯೂ ಒಟ್ಟಿಗೆ ನಿಂತುಹೋದವು. ಕೈ ಬೀಸಿದೆ, ಮತ್ತೆ ಬಂದವು. ಕಾಲು ಗಂಟೆ ಕಳೆದ ಮೇಲೆ ಅದೇ ಕಥೆ. ಕೋಣೆಯಲ್ಲಿ ಜನರಿಲ್ಲವೆಂದು ಕಂಡರೆ ಎಲ್ಲವನ್ನೂ ಆರಿಸಲೆಂದು ಚಾವಣಿಯಲ್ಲಿ ಕೂರಿಸಿದ್ದು ಪಿ.ಐ.ಆರ್. ಸೆನ್ಸರ್. ಬೆಚ್ಚಗಿನ ದೇಹ ಅತ್ತಿತ್ತ ಚಲಿಸಿದಾಗ ಅವಕೆಂಪು ಕಿರಣಗಳಲ್ಲಾಗುವ ಬದಲಾವಣೆಯನ್ನಷ್ಟೇ ಅದು ಗ್ರಹಿಸುತ್ತದೆ. ಅಲುಗಾಡದೆ ಓದುವವನೂ ನಿದ್ದೆ ಹೋದವನೂ ಅದರ ಪಾಲಿಗೆ ಕೋಣೆಯಲ್ಲಿ ಇಲ್ಲದವರೇ. ಇದಕ್ಕೆ ಪರಿಹಾರ ದುಬಾರಿಯದಲ್ಲ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ತಿಳಿಸುವ ಒಂದು ಮ್ಯಾಗ್ನೆಟಿಕ್ ಕಾಂಟ್ಯಾಕ್ಟ್ ಹಾಕಿ, ಬಾಗಿಲು ಮುಚ್ಚಿದ ನಂತರ ಒಮ್ಮೆಯಾದರೂ ಚಲನೆ ಕಂಡರೆ ಮತ್ತೆ ಬಾಗಿಲು ತೆರೆಯುವವರೆಗೂ ಒಳಗೆ ಜನರಿದ್ದಾರೆ ಎಂದೇ ಭಾವಿಸುವಂತೆ ಕಂಟ್ರೋಲರ್‌ಗೆ ಹೇಳಿದರೆ ಸಾಕು. ಉಸಿರಾಟದ ಸಣ್ಣ ಅಲುಗಾಟವನ್ನೂ ಹಿಡಿಯುವ ರಾಡಾರ್ ಸೆನ್ಸರ್‌ಗಳೂ ಈಗ ಸಿಗುತ್ತವೆ. ಆದರೆ ತೆಳು ಪಾರ್ಟಿಷನ್ ಇರುವ ಕಡೆ ಅವು ಪಕ್ಕದ ಕೋಣೆಯವರ ಓಡಾಟವನ್ನೂ ಹಿಡಿದುಬಿಡಬಹುದಾದ್ದರಿಂದ, ಈ ಕಟ್ಟಡಕ್ಕೆ ನಾನು ಬಾಗಿಲಿನ ತರ್ಕವನ್ನೇ ಆರಿಸಿಕೊಂಡೆ.

ಎರಡು ಗಂಟೆ ದಾಟಿದ ಮೇಲೆ ಆದದ್ದು ಇದಕ್ಕಿಂತ ಕೆಟ್ಟದ್ದು. ಕರೆಂಟ್ ಹೋಗಿ, ಕೆಲವೇ ಸೆಕೆಂಡುಗಳಲ್ಲಿ ಜನರೇಟರ್ ಹಿಡಿದುಕೊಂಡಿತು. ಜೊತೆಗೇ ಕೋಣೆಯ ಅಷ್ಟೂ ದೀಪಗಳು ಪೂರ್ಣ ಬೆಳಕಿನಲ್ಲಿ ಹೊತ್ತಿಕೊಂಡವು. ಗಾಢ ನಿದ್ದೆಯಲ್ಲಿದ್ದ ನಾನು ಎದೆ ಹೊಡೆದುಕೊಳ್ಳುತ್ತ ಎದ್ದು ಕುಳಿತೆ. ವಿದ್ಯುತ್ ಮರಳಿದಾಗ ಪ್ರತಿ ರಿಲೇ, ಅಂದರೆ ಕಂಟ್ರೋಲರ್ ನಡೆಸುವ ಸ್ವಿಚ್, ಯಾವ ಸ್ಥಿತಿಯಲ್ಲಿರಬೇಕು ಎಂಬುದು ಸಾಫ್ಟ್‌ವೇರ್‌ನಲ್ಲಿ ತುಂಬಬೇಕಾದ ಒಂದೇ ಒಂದು ಸಾಲು, ಅದನ್ನು ಯಾರೂ ತುಂಬಿರಲಿಲ್ಲ. ಹಗಲಿನಲ್ಲಿ ಮಾಲೀಕರೆದುರು ಡೆಮೊ ಕೊಡುವಾಗ ಇಂಥದ್ದು ಕಣ್ಣಿಗೆ ಬೀಳುವುದಿಲ್ಲ. ಬೆಂಗಳೂರಿನಲ್ಲಿ ಕರೆಂಟ್ ಹೋಗುವುದು ಅಪರೂಪವೇನಲ್ಲವಾದ್ದರಿಂದ, ದೀಪಗಳು ಆರಿಯೇ ಇರಬೇಕು, ಎ.ಸಿ. ಮಾತ್ರ ಹಿಂದಿನ ಸ್ಥಿತಿಗೆ ಮರಳಬೇಕು ಎಂದು ಅಲ್ಲೇ ಹಾಳೆಯಲ್ಲಿ ಬರೆದುಕೊಂಡೆ.

ಮತ್ತೆ ನಿದ್ದೆ ಹತ್ತಲಿಲ್ಲ, ಕಿಟಕಿ ತೆರೆದೆ. ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿರುವ ಈ ಊರಿನ ನವೆಂಬರ್ ರಾತ್ರಿಗೆ ಎ.ಸಿ. ಬೇಕೇ ಇಲ್ಲ. ಆದರೂ ಅದು ತನ್ನಷ್ಟಕ್ಕೆ ಓಡುತ್ತ ಬೀದಿಯನ್ನೇ ತಂಪು ಮಾಡತೊಡಗಿತು. 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರುವ ರೂಮ್ ಎ.ಸಿ.ಗಳು 24 ಡಿಗ್ರಿಯ ಡಿಫಾಲ್ಟ್‌ನೊಂದಿಗೇ ಬರಬೇಕೆಂಬ ನಿಯಮವಿದೆ, ಒಳ್ಳೆಯದೇ. ಆದರೆ ಕಿಟಕಿ ತೆರೆದಾಗ ಎ.ಸಿ.ಯನ್ನು ನಿಲ್ಲಿಸುವ ಚಿಕ್ಕ ಕಾಂಟ್ಯಾಕ್ಟ್ ಇಲ್ಲದಿದ್ದರೆ ಆ 24 ಡಿಗ್ರಿಯಿಂದ ಉಳಿಯುವುದೇನು?

ವೈರಿಂಗ್ ವಿಚಾರ ಮೊದಲೇ ತೀರ್ಮಾನವಾಗಿತ್ತು. ಹಳೆಯ ಸ್ವಿಚ್ ಬಾಕ್ಸ್‌ಗಳಿಗೆ ನ್ಯೂಟ್ರಲ್, ಅಂದರೆ ಕರೆಂಟ್ ಹಿಂದಿರುಗುವ ತಂತಿ, ಎಳೆದಿರಲಿಲ್ಲ, ಹೆಚ್ಚಿನ ಸ್ಮಾರ್ಟ್ ಸ್ವಿಚ್‌ಗಳಿಗೆ ಅದು ಬೇಕೇ ಬೇಕು. ಜಿಗ್‌ಬೀ ವೈರ್‌ಲೆಸ್ ಹಾಕೋಣವೆಂದರೆ, ಅದು ಬಳಸುವ 2.4 ಗಿಗಾಹರ್ಟ್ಜ್ ಪಟ್ಟಿಯಲ್ಲೇ ಅತಿಥಿಗಳ ವೈಫೈ ಕೂಡ ಓಡುತ್ತದೆ, ಒಂದಕ್ಕೊಂದು ಅಡ್ಡಿಯಾಗಬಹುದು. ಹೇಗೂ ಪ್ಲಾಸ್ಟರ್ ಒಡೆಯುವುದರಿಂದ ಸ್ವಿಚ್, ಸೆನ್ಸರ್‌ಗಳನ್ನು ತಂತಿಯಲ್ಲೇ ಬೆಸೆಯುವ ಕೆ.ಎನ್.ಎಕ್ಸ್. ಕೇಬಲ್ ಎಳೆಯುವುದೇ ಸರಿ ಎಂದು ನಿರ್ಧರಿಸಿದ್ದೆವು.

ಬೆಳಿಗ್ಗೆ ಹೌಸ್‌ಕೀಪಿಂಗ್‌ನ ಹಿರಿಯ ಹೆಂಗಸು ಬಂದರು. ಹದಿನೆಂಟು ವರ್ಷದಿಂದ ಈ ಕೋಣೆಗಳನ್ನು ಗುಡಿಸಿ ಒರೆಸಿದವರು. ರಾತ್ರಿಯದನ್ನೆಲ್ಲ ಹೇಳಿದೆ. ಅವರು ಏಪ್ರನ್ ಜೇಬಿನಿಂದ ಅಂಚು ಸವೆದ ಒಂದು ಮದುವೆ ಕರೆಯೋಲೆಯ ತುಂಡನ್ನು ತೆಗೆದು, ಕಾರ್ಡ್ ಇದ್ದರಷ್ಟೇ ಕರೆಂಟ್ ಕೊಡುವ, ಹಳೆಯ ಕೋಣೆಗಳ ಕೀ ಕಾರ್ಡ್ ಸ್ಲಾಟ್‌ಗೆ ತಾವು ತೂರಿಸುವುದು ಇದನ್ನೇ ಎಂದರು. ಫೋನ್ ಚಾರ್ಜ್ ಆಗುತ್ತಿರಲಿ ಎಂದು ಅತಿಥಿಗಳೂ ಹೀಗೆಯೇ ಯಾವುದೋ ಕಾರ್ಡ್ ಸಿಕ್ಕಿಸಿ ಹೊರಗೆ ಹೋಗುತ್ತಾರಂತೆ. ಚಾರ್ಜಿಂಗ್ ಪ್ಲಗ್‌ಗೂ ಫ್ರಿಜ್‌ಗೂ ಬೇರೆ ಸರ್ಕ್ಯೂಟ್ ಬೇಕೆಂದು ನನಗೆ ಮನದಟ್ಟಾದದ್ದು ಆ ತುಂಡನ್ನು ಕೈಯಲ್ಲಿ ಹಿಡಿದು ನೋಡಿದಾಗ.

ಬಳಿಕ ಅವರು ಹಾಸಿಗೆಯ ಪಕ್ಕದ ಟಚ್ ಪ್ಯಾನೆಲ್ ತೋರಿಸಿ, “ಸರ್, ಹೋದ ವಾರ ಮಾಲೀಕರ ಕಡೆಯ ಅಜ್ಜಿ ಒಬ್ರು ಇಲ್ಲೇ ಮಲಗಿದ್ರು. ಇದನ್ನ ಆರಿಸೋಕೆ ಗೊತ್ತಾಗ್ದೆ ಮೇಲೆ ಟವೆಲ್ ಹೊದಿಸಿದ್ರು,” ಎಂದರು. ಕತ್ತಲೆಯಲ್ಲಿ ಬೆರಳಿಗೆ ತಡವಿ ಸಿಗದ ಸ್ವಿಚ್ಚನ್ನು ಅತಿಥಿಗೆ ಕೊಡುವ ಹಕ್ಕು ನಮಗಿಲ್ಲ ಎಂದು ನನಗೆ ಬಲವಾಗಿ ಅನ್ನಿಸಿತು. ಎಲ್ಲ ದೀಪಗಳನ್ನು ಒಟ್ಟಿಗೆ ಆರಿಸುವ ಒಂದೇ ಒಂದು ಒತ್ತುಗುಂಡಿ, ಮಂಚದ ಎರಡೂ ಬದಿಗೆ, ಬೆಳಕಿಲ್ಲದೆಯೂ ಕೈಗೆ ಸಿಗುವಂತೆ ಇರಲಿ ಎಂದೆ. ಎಷ್ಟು ಎತ್ತರಕ್ಕೆ ಎಂದು ಎಲೆಕ್ಟ್ರಿಷಿಯನ್ ಹುಡುಗ ಕೇಳಿದ. “ಮಲಗಿ, ಕಣ್ಣು ಮುಚ್ಚಿ ಕೈ ಚಾಚಿ ಸರ್,” ಎಂದರು ಆಕೆ. ಮಲಗಿ ಕೈ ಚಾಚಿದೆ. ನನ್ನ ಬೆರಳು ಗೋಡೆಗೆ ತಾಗಿದಲ್ಲಿ ಹುಡುಗ ಪೆನ್ಸಿಲ್‌ನಿಂದ ಗುರುತು ಹಾಕಿದ. ಆಮೇಲೆ ಆಕೆಯನ್ನೂ ಮಂಚದ ಮೇಲೆ ಮಲಗಿಸಿ, ಇನ್ನೆರಡು ಇಂಚು ಕೆಳಗೆ ಮತ್ತೊಂದು ಗುರುತು ಹಾಕಿದ. ಡ್ರಾಯಿಂಗ್‌ನಲ್ಲಿ ನಾನು ಬರೆದದ್ದು ಆ ಎರಡನೆಯ ಅಳತೆಯನ್ನು.