ಫೋನು ರಿಂಗಣಿಸಿತಾ, ಕುಣಿಯಿತಾ?

ಪತ್ರಿಕೆಯ ಡೆಸ್ಕಿನಲ್ಲಿ ಕೂತವರಿಗೆ ‘ರಿಂಗಣಿಸು’ ದಿನಾ ಎದುರಾಗುವ ಪದ. ‘ಠಾಣೆಯ ಫೋನ್ ರಿಂಗಣಿಸಿತು’, ‘ಮೊಬೈಲ್ ರಿಂಗಣಿಸುತ್ತಲೇ ಇತ್ತು.’ ಹೊಸಬರು ಬರೆದರೂ ಇದೇ, ಹಳಬರು ಬರೆದರೂ ಇದೇ.

ಒಮ್ಮೆ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಆಫೀಸಿಗೆ ಫೋನ್ ಮಾಡಿದರು. “ಏನ್ರೀ, ನಿಮ್ಮ ಪೇಪರ್‌ನಲ್ಲಿ ಫೋನು ಕುಣಿಯುತ್ತಂತಲ್ಲ?” ಅಂದರು. ನಡುಗನ್ನಡ ಕಾವ್ಯ ಓದಿದವರಿಗೆ ಹಾಗೆ ಅನ್ನಿಸುವುದು ಸಹಜ. ಅಲ್ಲಿ ‘ರಿಂಗಣಗುಣಿ’ ಅಂದರೆ ಕುಣಿದಾಡು. ಸಂಸ್ಕೃತದ ‘ರಿಂಗಣ’ ಇನ್ನೂ ಹಿಂದಿನದು, ಮಗು ಅಂಬೆಗಾಲಿಡುವುದಕ್ಕೆ ಆ ಹೆಸರು. ಮರಾಠಿಯಲ್ಲಿ ಪಂಢರಾಪುರದ ವಾರಿಯ, ಅಂದರೆ ವಿಠ್ಠಲನ ಭಕ್ತರ ಪಾದಯಾತ್ರೆಯ, ದಾರಿಯಲ್ಲಿ ಕುದುರೆ ಸುತ್ತು ಹಾಕಿ ಓಡುವುದಕ್ಕೂ ‘ರಿಂಗಣ’ ಅಂತಲೇ ಅನ್ನುತ್ತಾರೆ. ಎಲ್ಲೂ ಸದ್ದಿನ ಸುದ್ದಿಯೇ ಇಲ್ಲ!

ಹಾಗಾದರೆ ನಮ್ಮ ಫೋನಿಗೆ ಇದು ಬಂದದ್ದು ಹೇಗೆ? ನನಗೆ ಅನ್ನಿಸುವುದು ಇಷ್ಟು: ಇಂಗ್ಲಿಷಿನ ‘ರಿಂಗ್’ ಒಳಗೆ ಬಂತು. ಪಕ್ಕದಲ್ಲೇ ‘ಗಣಗಣ’ ಇತ್ತು, ಹಳೆಯ ‘ರಿಂಗಣ’ವೂ ಇತ್ತು. ಎರಡರ ನಾದ ಅಂಟಿಕೊಂಡಿತು, ಕೊನೆಗೆ ‘ಇಸು’ ಸೇರಿತು. ಯಾರೂ ಕೂತು ಟಂಕಿಸಿದ ಪದದ ಹಾಗೆ ಕಾಣುವುದಿಲ್ಲ. ಅಂದಹಾಗೆ, ವೈಬ್ರೇಷನ್‌ಗೆ ಹಾಕಿ ಮೇಜಿನ ಮೇಲಿಟ್ಟ ಫೋನು ನಿಜಕ್ಕೂ ತೆವಳುತ್ತೆ ಅಲ್ವಾ? ಸಂಸ್ಕೃತದ ಅರ್ಥವೂ ಪೂರ್ತಿ ತಪ್ಪಿಲ್ಲ.

ಆದ್ದರಿಂದ ನಾನು ಈ ಪದವನ್ನು ಅಳಿಸುವುದಿಲ್ಲ. ಆದರೆ ಫೋನಿನಾಚೆಗೆ ಬಿಡುವುದಿಲ್ಲ. ‘ದೇವಸ್ಥಾನದ ಗಂಟೆ ರಿಂಗಣಿಸಿತು’ ಅಂತ ಬಂದರೆ ಸುಮ್ನೆ ‘ಮೊಳಗಿತು’ ಮಾಡುತ್ತೇನೆ. ಗೆಜ್ಜೆಗೆ ಘಲ್ ಇದೆ, ಎತ್ತಿನ ಕೊರಳಿಗೆ ಗಣಗಣ ಇದೆ, ಸೈಕಲ್ ಬೆಲ್ಲಿಗೆ ಟ್ರಿಣ್. ಕನ್ನಡದ ಅನುಕರಣ ಪದಗಳಲ್ಲಿ ಸದ್ದಿನ ಜೊತೆ ವಸ್ತುವೂ ಇರುತ್ತದೆ. ‘ಘಲ್’ ಅಂದರೆ ಸಾಕು, ಕಾಲು ಕಾಣುತ್ತದೆ. ‘ಝಣಝಣ’ವಂತೂ ನಾಣ್ಯದಿಂದ ಹೊರಟು ಹಣಕ್ಕೇ ಹೆಸರಾಗಿದೆ. ಚುನಾವಣೆ ಬಂದರೆ ‘ಝಣಝಣ ಕಾಂಚಾಣ’ ಶೀರ್ಷಿಕೆ ತಪ್ಪಿದ್ದಲ್ಲ. ಈಗ ಕೊಡುವುದೆಲ್ಲ ನೋಟು, ಅದು ಸದ್ದು ಮಾಡುವುದೇ ಇಲ್ಲ.

ಡೆಸ್ಕಿಗೆ ಬರುವ ಹುಡುಗರಿಗೆ ನಾನು ಹೇಳುವುದು ಬೇರೆ ಮಾತು. ಸದ್ದು ಸುದ್ದಿಯಾಗಿದ್ದರೆ ಮಾತ್ರ ಸದ್ದಿನ ಪದ ಬರೆಯಿರಿ. ‘ಬೆಳಗ್ಗೆ 6ಕ್ಕೆ ಠಾಣೆಯ ಫೋನ್ ರಿಂಗಣಿಸಿತು’ ಅನ್ನುವುದಕ್ಕಿಂತ ‘ಠಾಣೆಗೆ ಕರೆ ಬಂತು’ ಅಂದರೆ ಜಾಗವೂ ಉಳಿಯುತ್ತದೆ. ಆದರೆ ಅಪಘಾತದಲ್ಲಿ ತೀರಿಕೊಂಡವರ ಜೇಬಿನಲ್ಲಿ ಮೊಬೈಲ್ ರಿಂಗಣಿಸಿ, ಪೊಲೀಸರು ಅದನ್ನು ಎತ್ತಿದ ಮೇಲೆಯೇ ಹೆಸರು ಗೊತ್ತಾಗಿದ್ದರೆ, ಅಲ್ಲಿ ಆ ಸದ್ದನ್ನು ತೆಗೆಯಬಾರದು. ವರದಿಯ ಅರ್ಧ ಅದರಲ್ಲೇ ಇದೆ.

ಮೇಷ್ಟ್ರು ಈಗಲೂ ಒಪ್ಪಿಲ್ಲ. ‘ಫೋನ್ ಹೊಡ್ಕೊಂತು’ ಅಂತ ಬರೆಯಿರಿ, ಊರಲ್ಲಿ ಜನ ಹಾಗೇ ತಾನೇ ಅನ್ನೋದು ಅನ್ನುತ್ತಾರೆ. ಶೀರ್ಷಿಕೆಗೆ ಕಷ್ಟ, ಒಳಗಿನ ಬರಹಕ್ಕೆ ಚೆನ್ನಾಗಿದೆ.