ಮುದ್ದೆ ಇಲ್ಲದ ಡಯಟ್ ಚಾರ್ಟ್

ಶುಗರ್ ಬಂದಾಗ ಅತ್ತೆಗೆ ಕೊಟ್ಟ ಡಯಟ್ ಚಾರ್ಟಿನಲ್ಲಿ ಓಟ್ಸ್, ಬ್ರೊಕೊಲಿ, ಆಲಿವ್ ಎಣ್ಣೆ ಇತ್ತು. ಮುದ್ದೆ, ಸೊಪ್ಪಿನ ಸಾರಿನ ಸುದ್ದಿಯೇ ಇಲ್ಲ. ಮಂಡ್ಯ ಕಡೆಯವರು ಅವರು. ಎಲ್ಲರ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟರು. ಒಂದು ತುತ್ತು ಮುದ್ದೆ ತಿಂದರೂ ಕಳ್ಳತನ ಮಾಡಿದವರ ಹಾಗೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಶುಗರ್‌ಗಿಂತ ಆ ಮುಖ ನೋಡಿಯೇ ನನಗೆ ಜಾಸ್ತಿ ಸಂಕಟ.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಾರೂ ಇದೆ. ಬಸ್ಸಾರು ಮಾಡಿದ ದಿನ ಬೆಂದ ಸೊಪ್ಪು, ಕಾಳು ಪಲ್ಯವಾಗಿ ತಟ್ಟೆಗೆ ಬರುತ್ತದೆ. ರಾಗಿಯಲ್ಲೂ ಪಿಷ್ಟ ಇದೆ, ಅಳತೆ ಬೇಕೇ ಬೇಕು. ಮುದ್ದೆ ಚಿಕ್ಕದು ಮಾಡಿ, ಪಲ್ಯ ಜಾಸ್ತಿ ಹಾಕಿಕೊಳ್ಳಿ ಅಂದಿದ್ದರೆ ಸಾಕಿತ್ತು, ಅಲ್ವಾ?

ಈಗಿನ ಡಯಟಿಷಿಯನ್ ಮೊದಲು ಕೇಳಿದ್ದೇ, "ಮನೇಲಿ ಏನಮ್ಮ ಅಡುಗೆ ಮಾಡ್ತೀರಿ?" ಅಂತ. ಅತ್ತೆ ಅರ್ಧ ಗಂಟೆ ಮಾತಾಡಿದರು.