64 ಜನರ ಕೌಂಟಿಯಲ್ಲಿ ಒಂದು ಮಧ್ಯಾಹ್ನ

ಹೋದ ತಿಂಗಳು ಡಲ್ಲಾಸ್‌ನಿಂದ ಕಾರ್ಲ್ಸ್‌ಬ್ಯಾಡ್ ಗುಹೆ ನೋಡಲು ಹೊರಟಿದ್ದೆವು. ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು. ಒಡೆಸ್ಸಾ ದಾಟಿ 302ನೇ ಹೆದ್ದಾರಿ ಹಿಡಿದರೆ ಮೊದಲು ಸಿಗುವ ಊರು ನೋಟ್ರೀಸ್. ಅಂದರೆ ಮರಗಳೇ ಇಲ್ಲ ಅಂತ. ಹೆಸರಿಟ್ಟವರು ಸುಳ್ಳು ಹೇಳಿಲ್ಲ. ಆಮೇಲೆ ಕರ್ಮಿಟ್ ಅನ್ನೋ ಊರು, ಅದಾದ ಮೇಲೆ ಲವಿಂಗ್ ಕೌಂಟಿ.

ಕೌಂಟಿ ಅಂದರೆ ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ. ಈ ಕೌಂಟಿ ಬಗ್ಗೆ ನನಗೆ ಮೊದಲಿಂದಲೂ ಕುತೂಹಲ. ಟೆಕ್ಸಸ್‌ನಲ್ಲಿ ಒಟ್ಟು 254 ಕೌಂಟಿಗಳಿವೆ. ಹೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ 2020ರ ಜನಗಣತಿಯ ಪ್ರಕಾರ 47 ಲಕ್ಷ ಜನ. ಲವಿಂಗ್ ಕೌಂಟಿಯಲ್ಲಿ ಅದೇ ಗಣತಿಯ ಪ್ರಕಾರ 64. ಸಾವಿರ ಅಲ್ಲ, ಲಕ್ಷ ಅಲ್ಲ, ಬರೀ 64. ಮದುವೆ ಮನೆಯಲ್ಲಿ ಊಟದ ಒಂದು ಪಂಕ್ತಿಗೆ ಕೂರಿಸಿದರೆ ಇನ್ನೂ ಎಲೆ ಉಳಿಯುತ್ತವೆ. ಇಡೀ ಅಮೆರಿಕದಲ್ಲೇ ಇದಕ್ಕಿಂತ ಕಡಿಮೆ ಜನರ ಕೌಂಟಿ ಇನ್ನೊಂದಿಲ್ಲ. ಜಾಗವೇನೂ ಚಿಕ್ಕದಲ್ಲ, ಹತ್ತಿರ ಹತ್ತಿರ 1,750 ಚದರ ಕಿಲೋಮೀಟರ್. ಇಷ್ಟು ಜನಕ್ಕೂ ಒಂದು ನ್ಯಾಯಾಲಯದ ಕಟ್ಟಡ, ಒಬ್ಬ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ), ಚುನಾಯಿತ ಅಧಿಕಾರಿಗಳು, ಚುನಾವಣೆ, ಎಲ್ಲ ಉಂಟು.

ಜನ ಇಲ್ಲ ಅಂದರೆ ರಸ್ತೆ ಖಾಲಿ ಇರುತ್ತೆ ಅಂದುಕೊಂಡಿದ್ದೆ. ಎಲ್ಲಿ ಬಂತು! ನಮ್ಮ ಮುಂದೆ ಟ್ಯಾಂಕರ್, ಹಿಂದೆ ಮರಳು ತುಂಬಿದ ಲಾರಿ, ಎದುರಿಗೆ ಕಬ್ಬಿಣದ ಪೈಪ್ ಹೊತ್ತ ಟ್ರೇಲರ್. ಒಂದು ಲಾರಿಯಿಂದ ಹಾರಿದ ಕಲ್ಲು ನಮ್ಮ ಮುಂದಿನ ಗಾಜಿಗೆ ಟಪ್ ಅಂತ ಬಡಿದು, ಹೆಸರುಕಾಳಿನಷ್ಟು ಗುಂಡಿ ಬಿತ್ತು. ಇದೆಲ್ಲ ಎಣ್ಣೆ ಮಹಿಮೆ. ಈ ನೆಲ ಪರ್ಮಿಯನ್ ಬೇಸಿನ್ ಅನ್ನೋ ದೊಡ್ಡ ಎಣ್ಣೆ ಪ್ರದೇಶದ ಪಶ್ಚಿಮದ ಭಾಗ, ಡೆಲವೇರ್ ಬೇಸಿನ್ ಅಂತಾರೆ. ಇಲ್ಲಿ ಎಣ್ಣೆ ಸಿಕ್ಕಿದ್ದು 1920ರ ದಶಕದಲ್ಲೇ. ಆದರೆ ಬಂಡೆಯನ್ನು ನೀರು-ಮರಳಿನ ಒತ್ತಡದಿಂದ ಸೀಳಿ ಎಣ್ಣೆ ತೆಗೆಯುವುದು ಶುರುವಾದ ಮೇಲೆ ಇದು ದೇಶದ ದೊಡ್ಡ ಎಣ್ಣೆ ಕೌಂಟಿಗಳಲ್ಲಿ ಒಂದಾಗಿ ಕೂತಿದೆ. ಆ ಮರಳೇ ನಮ್ಮ ಹಿಂದಿನ ಲಾರಿಯಲ್ಲಿದ್ದದ್ದು.

ನೆಲ ಹೇಗಿದೆ ಅಂತೀರಾ? ಚಪ್ಪಟೆ. ಮೊಣಕಾಲೆತ್ತರದ ಕ್ರಿಯೋಸೋಟ್ ಪೊದೆ, ಅಲ್ಲಲ್ಲಿ ಮೆಸ್ಕೀಟ್ ಮುಳ್ಳುಗಿಡ. ಮಳೆ ವರ್ಷಕ್ಕೆ ಸುಮಾರು 250 ಮಿಲಿಮೀಟರ್, ಅದೂ ಮನಸ್ಸು ಬಂದರೆ. ಪಶ್ಚಿಮದ ಗಡಿಯಲ್ಲಿ ಪೇಕಸ್ ನದಿ ಹರಿಯುತ್ತದೆ, ಆದರೆ ಆ ನೀರು ಉಪ್ಪು. ಮೇಲ್ಗಡೆ 1936ರಲ್ಲಿ ರೆಡ್ ಬ್ಲಫ್ ಅಂತ ಅಣೆಕಟ್ಟು ಕಟ್ಟಿದ್ದಾರೆ, ಅದರ ನೀರೂ ಅಷ್ಟಕ್ಕಷ್ಟೇ. ಎಷ್ಟೋ ವರ್ಷ ಇಲ್ಲಿನವರು ಕುಡಿಯುವ ನೀರನ್ನು ಹೊರಗಿನಿಂದ ಹೊತ್ತು ತರುತ್ತಿದ್ದರು. ಕಾಲ ಕೆಳಗೆ ಕೋಟಿಗಟ್ಟಲೆ ಎಣ್ಣೆ, ಕುಡಿಯೋಕೆ ತೊಟ್ಟು ನೀರಿಲ್ಲ!

ಕೌಂಟಿಯ ಕೇಂದ್ರ ಮೆಂಟೋನ್. ಊರು ಅಂತ ಇರುವುದು ಅದೊಂದೇ. ಗಣತಿಯ ಲೆಕ್ಕದಲ್ಲಿ ಅಲ್ಲಿ 22 ಜನ. 1935ರಲ್ಲಿ ಕಟ್ಟಿದ ಇಟ್ಟಿಗೆಯ ಕೋರ್ಟು ಕಟ್ಟಡದ ಎದುರು ಕಾರು ನಿಲ್ಲಿಸಿದೆವು. ಭಾನುವಾರ, ಬೀಗ ಹಾಕಿತ್ತು. ಕಾರಿನ ಬಾಗಿಲು ತೆಗೆದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಬಾವಿಗಳಿಂದ ಬರುವ ಗಂಧಕದ ಗ್ಯಾಸು ಅದು, ಜಾಸ್ತಿಯಾದರೆ ಜೀವವನ್ನೇ ತೆಗೆಯುತ್ತದಂತೆ. ಅದಕ್ಕೇ ಬಾವಿಗಳ ಹತ್ತಿರ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತೋರಿಸುವ ಬಟ್ಟೆಯ ಚೀಲ ಕಟ್ಟಿರುತ್ತಾರೆ. ದೂರದಲ್ಲಿ ಕಂಬದ ತುದಿಯಲ್ಲಿ ಹಾಡುಹಗಲೇ ಬೆಂಕಿ ಉರಿಯುತ್ತಿತ್ತು. ಬೇಡದ ಗ್ಯಾಸನ್ನು ಸುಮ್ನೆ ಸುಡುತ್ತಾರೆ.

ಲವಿಂಗ್ ಅನ್ನೋ ಕೌಂಟಿಯ ಹೆಸರು ಎಲ್ಲಿಂದ ಬಂತು ಅಂತ ನೋಡಿದರೆ ಪ್ರೀತಿಗೂ ಅದಕ್ಕೂ ಸಂಬಂಧವೇ ಇಲ್ಲ. ಆಲಿವರ್ ಲವಿಂಗ್ ಅಂತ ಒಬ್ಬ ದನದ ವ್ಯಾಪಾರಿ ಇದ್ದ. ಚಾರ್ಲ್ಸ್ ಗುಡ್‌ನೈಟ್ ಜೊತೆ ಸೇರಿ 1866ರಿಂದ ಪೇಕಸ್ ನದಿಯ ಪಕ್ಕದಲ್ಲೇ ಸಾವಿರಾರು ದನ ಹೊಡೆದುಕೊಂಡು ಉತ್ತರಕ್ಕೆ ಹೋಗುತ್ತಿದ್ದವನು. 1867ರಲ್ಲಿ ಕೊಮಾಂಚಿ ಮೂಲನಿವಾಸಿಗಳ ದಾಳಿಯಲ್ಲಿ ಪೆಟ್ಟು ತಿಂದ, ಗಾಯ ಕೊಳೆತು ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್‌ನಲ್ಲಿ ಸತ್ತ. ಗುಡ್‌ನೈಟ್ ಅವನ ಹೆಣವನ್ನು ಅಷ್ಟು ದೂರದಿಂದ ಟೆಕ್ಸಸ್‌ನ ವೆದರ್‌ಫರ್ಡ್‌ಗೆ ತಂದು ಮಣ್ಣು ಮಾಡಿಸಿದ. ಅಂದರೆ ಹೆಸರು ಕೊಟ್ಟವನೂ ಇಲ್ಲಿ ವಾಸ ಇದ್ದವನಲ್ಲ, ಹಾದು ಹೋದವನು.

ನನಗೆ ಇನ್ನೂ ಮಜಾ ಅನಿಸಿದ್ದು ಮುಂದಿನ ಕಥೆ. ಕೌಂಟಿ ಅಂತ ಗೆರೆ ಎಳೆದದ್ದು 1887ರಲ್ಲಿ. 1890ರ ಗಣತಿಯಲ್ಲಿ ಇಲ್ಲಿ ಸಿಕ್ಕಿದ್ದು 3 ಜನ. ಮೂರೇ! 1893ರಲ್ಲಿ ಡೆನ್ವರ್ ಕಡೆಯ ಕೆಲವರು ಬಂದು ಕಾಲುವೆ ಕಂಪನಿ ಶುರು ಮಾಡಿ, ನಮಗೊಂದು ಕೌಂಟಿ ಸರ್ಕಾರ ಬೇಕು ಅಂತ ಅರ್ಜಿ ಹಾಕಿದರು. ಮತದಾರರ ಹೆಸರು, ಚುನಾವಣೆ, ಅಧಿಕಾರಿಗಳು, ಎಲ್ಲ ಕಾಗದದ ಮೇಲೆ ರೆಡಿ. ಹೆಸರಿದ್ದವರು ಊರಲ್ಲಿರಲಿಲ್ಲ ಅಷ್ಟೇ. ಬಣ್ಣ ಬಯಲಾಗುವ ಹೊತ್ತಿಗೆ ಆಸಾಮಿಗಳು ಪರಾರಿ. 1897ರಲ್ಲಿ ಸರ್ಕಾರ ಈ ಕೌಂಟಿಯನ್ನೇ ರದ್ದು ಮಾಡಿ ಪಕ್ಕದ ರೀವ್ಸ್ ಕೌಂಟಿಗೆ ಸೇರಿಸಿತು. ಮತ್ತೆ ಕೌಂಟಿ ಆಗಿದ್ದು 1931ರಲ್ಲಿ, ಎಣ್ಣೆ ಸಿಕ್ಕ ಮೇಲೆ. ಟೆಕ್ಸಸ್‌ನಲ್ಲಿ ಎರಡು ಸಲ ಹುಟ್ಟಿದ ಕೌಂಟಿ ಇದೊಂದೇ.

ಜನಸಂಖ್ಯೆಯ ಅಂಕಿಗಳೂ ಉಯ್ಯಾಲೆ ಆಡಿದ ಹಾಗಿವೆ. 1910ರಲ್ಲಿ 249 ಜನ, ಜಮೀನು ಸಿಗುತ್ತೆ ಅಂತ ಬಂದವರು. ಮಳೆ ಕೈಕೊಟ್ಟಿತು, 1920ಕ್ಕೆ 82. ಎಣ್ಣೆ ಬಂತು, 1940ಕ್ಕೆ 285. ಗಣತಿಗಳಲ್ಲಿ ಅದೇ ಅತಿ ಹೆಚ್ಚು. ಆ ಕಾಲದಲ್ಲೇ, 1945ರಲ್ಲಿ, ಎಡ್ನಾ ರೀಡ್ ಅನ್ನೋ ಹೆಂಗಸು ಇಲ್ಲಿ ಶೆರಿಫ್ ಆದಳು. ಟೆಕ್ಸಸ್‌ನಲ್ಲಿ ಓಟಿನಿಂದ ಗೆದ್ದ ಮೊದಲ ಮಹಿಳಾ ಶೆರಿಫ್. ಸೊಂಟಕ್ಕೆ ಬಂದೂಕು ಕಟ್ಟುತ್ತಿರಲಿಲ್ಲವಂತೆ, ಇಡೀ ಅವಧಿಯಲ್ಲಿ ಬಂಧಿಸಿದ್ದು ಇಬ್ಬರನ್ನು. 1972ಕ್ಕೆ ಶಾಲೆಯಲ್ಲಿ ಉಳಿದದ್ದು ಇಬ್ಬರು ಮಕ್ಕಳು, ಹಾಗಾಗಿ ಶಾಲೆಯನ್ನು ಪಕ್ಕದ ವಿಂಕ್ ಊರಿನದರ ಜೊತೆ ಸೇರಿಸಿಬಿಟ್ಟರು. 2000ದಲ್ಲಿ 67 ಜನ, 2010ರಲ್ಲಿ ಮತ್ತೆ 82.

ಈಗ 64 ಅನ್ನೋ ಸಂಖ್ಯೆಗೇ ಬರೋಣ. ಅದೂ ಪಕ್ಕಾ ಅಲ್ಲ. 2020ರಲ್ಲಿ ಗಣತಿ ಇಲಾಖೆ ರಾಜ್ಯಗಳ ಒಟ್ಟು ಜನಸಂಖ್ಯೆ ಬಿಟ್ಟು ಅದಕ್ಕಿಂತ ಕೆಳಗಿನ ಅಂಕಿಗಳನ್ನು ಬೇಕಂತಲೇ ಸ್ವಲ್ಪ ಆಚೀಚೆ ಮಾಡಿ ಪ್ರಕಟಿಸಿತು, ಯಾರ ಮನೆಯ ವಿವರವೂ ಹೊರಗೆ ಬೀಳಬಾರದು ಅಂತ. ಲಕ್ಷ ಜನರ ಊರಲ್ಲಿ ಅದು ಲೆಕ್ಕಕ್ಕಿಲ್ಲ, ಇಲ್ಲಿ ಇಬ್ಬರು ಆಚೀಚೆ ಆದರೂ ದೊಡ್ಡ ವಿಷಯ ಅಲ್ವಾ? ಅದೇ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಇಲ್ಲಿ ಬಿದ್ದ ಓಟು 66. ತೊಟ್ಟಿಲ ಕೂಸೂ ಬಿಡದಂತೆ ಎಲ್ಲರೂ ಓಟು ಹಾಕಿದ್ದರೂ 64 ದಾಟಬಾರದಿತ್ತು! ಮೋಸ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಜಮೀನಿದ್ದು ಬೇರೆ ಊರಲ್ಲಿ ಮನೆ ಮಾಡಿಕೊಂಡವರು ಓಟು ಮಾತ್ರ ಇಲ್ಲೇ ಇಟ್ಟುಕೊಂಡಿರುತ್ತಾರೆ. ನಿಜವಾಗಿ ಊರಿನವರು ಯಾರು ಅನ್ನೋ ಜಗಳ ಇಲ್ಲಿ ಎಷ್ಟೋ ಚುನಾವಣೆಗಳಿಂದ ನಡೆದೇ ಇದೆ. ಇನ್ನೊಂದು ಕಡೆ ರಸ್ತೆ ಪಕ್ಕದ ಟ್ರೇಲರ್ ಮನೆಗಳಲ್ಲಿ ವಾರಗಟ್ಟಲೆ ಮಲಗಿ ಏಳುವ ಎಣ್ಣೆ ಕೆಲಸಗಾರರು. ಅವರನ್ನು ಗಣತಿಯವರು ಹೆಂಡತಿ ಮಕ್ಕಳಿರುವ ಊರಲ್ಲಿ ಎಣಿಸುತ್ತಾರೆ. ಮಲಗುವವರು ಲೆಕ್ಕಕ್ಕಿಲ್ಲ, ಓಟು ಹಾಕುವವರು ಮಲಗುವುದಿಲ್ಲ.

ಇಷ್ಟು ಸಾಲದು ಅಂತ ನೆಲವೂ ಅಲುಗಾಡುತ್ತದೆ. ಎಣ್ಣೆಯ ಜೊತೆ ಅದರ ಮೂರು ನಾಲ್ಕು ಪಟ್ಟು ಉಪ್ಪುನೀರು ಮೇಲೆ ಬರುತ್ತದೆ, ಅದನ್ನು ವಾಪಸ್ ಭೂಮಿಗೇ ತುಂಬುತ್ತಾರೆ, ಅದರ ಒತ್ತಡಕ್ಕೇ ಈ ಅಲುಗಾಟ. 2022ರ ನವೆಂಬರ್‌ನಲ್ಲಿ ಮೆಂಟೋನ್‌ನ ಪಶ್ಚಿಮಕ್ಕೆ 5.4 ತೀವ್ರತೆಯ ಭೂಕಂಪ ಆಯಿತು.

ಇಷ್ಟನ್ನೂ ನಾನು ಕಾರಿನಲ್ಲಿ ಹೇಳುತ್ತಾ ಬಂದಿದ್ದರಿಂದ ಮಗಳಿಗೆ ಒಂದು ಆಟ ಸಿಕ್ಕಿತ್ತು. ಕೌಂಟಿ ಗಡಿ ದಾಟಿದಾಗಿನಿಂದ ಕಂಡ ಜನರನ್ನೆಲ್ಲ ಚೀಟಿಯಲ್ಲಿ ಗೆರೆ ಎಳೆದು ಎಣಿಸುತ್ತಿದ್ದಳು. 285ನೇ ಹೆದ್ದಾರಿ ಸಿಗುವ ಹೊತ್ತಿಗೆ 41 ಆಗಿತ್ತು.

"ಅಪ್ಪಾ, ಲಾರಿ ಡ್ರೈವರ್‌ಗಳನ್ನೂ ಸೇರಿಸಬೇಕಾ?"

"ಬೇಡ" ಅಂದಳು ಅವರಮ್ಮ.

ಮಗಳು ಒಂದೊಂದೇ ಗೆರೆ ಹೊಡೆದು ಹಾಕಿ, ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಎರಡು" ಅಂದಳು. "ನಾಯಿ ಸೇರಿದ್ರೆ ಮೂರು."